ಒಂದೇ ಇದ್ದರೆ ಮಾತ್ರ ಕಲೆಯೆ?

ಕುಂಚದಿಂದ ಕ್ಯಾನ್ವಾಸಿನ ಮೇಲೆ ಬರೆದದ್ದು ಕಲಾಕೃತಿ, ಸ್ಕ್ರೀನಿನಿಂದ ಕಾಗದದ ಮೇಲೆ ಇಳಿಸಿದ್ದು ನಕಲು. ಈ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಯಾರೂ ಇದನ್ನು ವಾದ ಮಾಡಿ ಸಾಧಿಸುವ ಗೋಜಿಗೇ ಹೋಗುವುದಿಲ್ಲ. ಜನವರಿಯ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಬದಿಗೆ ಚಿತ್ರಗಳನ್ನು ಹರಡಿಕೊಂಡು ಕೂತರೆ ಬೆಳಗಿನಿಂದ ಸಂಜೆಯವರೆಗೆ ಕೇಳಿಬರುವುದು ಒಂದೇ ಪ್ರಶ್ನೆ: "ಮೇಡಂ, ಇದು ಒರಿಜಿನಲ್ಲಾ, ಪ್ರಿಂಟಾ?" ಪ್ರಿಂಟು, ಒರಿಜಿನಲ್ಲೂ ಹೌದು ಅಂದರೆ ಕೇಳಿದವರ ಮುಖದಲ್ಲಿ ಅನುಮಾನ ಕಾಣಿಸುತ್ತದೆ. ಅಲ್ಲಿಯವರೆಗೆ ಮೆಚ್ಚಿಕೊಂಡು ನೋಡುತ್ತಿದ್ದ ಹಾಳೆಯನ್ನು ಮೆಲ್ಲಗೆ ಕೆಳಗಿಟ್ಟು ಮುಂದಿನ ಮಳಿಗೆಗೆ ಹೋಗುತ್ತಾರೆ. ಅಲ್ಲಿರುವ ತೈಲವರ್ಣ ಯಾವುದೋ ಫೋಟೊ ನೋಡಿ ಗೆರೆ ತಪ್ಪದಂತೆ ಬರೆದದ್ದಾದರೂ ಸರಿ, ಜಗತ್ತಿನಲ್ಲಿ ಅದು ಒಂದೇ ಇದೆ ಎನ್ನುವ ಭರವಸೆ ಅವರಿಗೆ ಸಾಕು.

ಕೊಳ್ಳಲು ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಹೀಗೆ ಕಲಿಸಿದವರು ಬೇರೆ ಇದ್ದಾರೆ. ಒಂಟಿ ಕೃತಿಗೆ ಮಾತ್ರ ದೊಡ್ಡ ಬೆಲೆ ಕಟ್ಟಬಹುದು ಎಂದು ಗೊತ್ತಿರುವ ವ್ಯಾಪಾರಿಗಳು ಕಲಿಸಿದ್ದಾರೆ. ಪ್ರದರ್ಶನದ ವರದಿಯಲ್ಲಿ ಕ್ಯಾನ್ವಾಸುಗಳ ಬಗ್ಗೆ ನಾಲ್ಕು ಪ್ಯಾರಾ ಬರೆದು 'ಕೆಲವು ಮುದ್ರಣ ಕೃತಿಗಳೂ ಇದ್ದವು' ಎಂದು ಮುಗಿಸುವ ವಿಮರ್ಶಕರು ಕಲಿಸಿದ್ದಾರೆ. ನಾವು ಕಲಾವಿದರೂ ಕಲಿಸಿದ್ದೇವೆ. ನಾನು ಓದುವ ಕಾಲಕ್ಕೆ, ಪೇಂಟಿಂಗ್ ವಿಭಾಗದಲ್ಲಿ ಸೀಟು ಸಿಗದವರು ಗ್ರಾಫಿಕ್ (ಮುದ್ರಣಕಲೆ) ವಿಭಾಗಕ್ಕೆ ಹೋಗುತ್ತಾರೆ ಎಂಬ ಮಾತು ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ದಾಟಿ ಬರುತ್ತಿತ್ತು. ನಾನು ಚಿತ್ರ ಬರೆಯುವವಳು, ಸ್ಕ್ರೀನ್ ಪ್ರಿಂಟ್ ಮಾಡುವವಳು. ತಿಂಗಳ ಸಂಬಳವಿಲ್ಲ, ಯಾವ ಗ್ಯಾಲರಿಯ ಆಸರೆಯೂ ಇಲ್ಲ. ಈ ನಂಬಿಕೆ ಶುದ್ಧ ತಪ್ಪು. ನಮ್ಮಂಥವರ ಜೀವನಕ್ಕೆ, ಚಿತ್ರ ಬೇಕೆಂಬ ಆಸೆಯಿದ್ದೂ ಕೈಯಲ್ಲಿ ಲಕ್ಷವಿಲ್ಲದವರ ಮನೆಯ ಗೋಡೆಗೆ ಇದು ಮಾಡಿರುವ ನಷ್ಟ ದೊಡ್ಡದು.

ಸ್ಕ್ರೀನಿನಲ್ಲಿ ಒಂದು ಚಿತ್ರ ಆಗುವುದನ್ನು ಹತ್ತಿರ ನಿಂತು ನೋಡಿದವರು ಅದನ್ನು ನಕಲು ಎನ್ನಲಾರರು. ಈಚಿನ ಒಂದು ಚಿತ್ರವನ್ನೇ ತೆಗೆದುಕೊಳ್ಳಿ. ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲು, ಬೆಳಗಿನ ಜಾವ, ಮೇಲೆ ನೀಲಿ ಟಾರ್ಪಾಲು, ಕೆಳಗೆ ಸೇವಂತಿಗೆ ರಾಶಿ. ಇದಕ್ಕೆ ಹಿಂದೆ ಯಾವ ಪೇಂಟಿಂಗೂ ಇಲ್ಲ. ಸ್ಕೆಚ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಗೀಚಿಕೊಂಡ ಗೆರೆಗಳಿವೆ, ಅಷ್ಟೆ. ಆರು ಬಣ್ಣ ಎಂದು ತೀರ್ಮಾನಿಸಿ, ಒಂದೊಂದು ಬಣ್ಣಕ್ಕೂ ಪಾರದರ್ಶಕ ಫಿಲ್ಮಿನ ಮೇಲೆ ಕಪ್ಪು ಶಾಯಿಯಲ್ಲಿ, ಕೆಲವೆಡೆ ಗ್ರೀಸ್ ಪೆನ್ಸಿಲಿನಲ್ಲಿ, ಕೈಯಿಂದಲೇ ಪಾಸಿಟಿವ್ ಬರೆದೆ. ಹಳದಿಯ ಭಾಗವನ್ನು ಕಪ್ಪಿನಲ್ಲಿ ಬರೆಯುತ್ತಿರುವಾಗಲೇ ಅದರ ಮೇಲೆ ಮುಂದೆ ಬಂದು ಕೂರುವ ನೀಲಿಯನ್ನೂ ಮನಸ್ಸಿನಲ್ಲಿ ಕಾಣಬೇಕು. ಆಮೇಲೆ ಚೌಕಟ್ಟಿಗೆ ಬಿಗಿದ ಪಾಲಿಯೆಸ್ಟರ್ ಜಾಲರಿಗೆ ಎಮಲ್ಷನ್ ಹಚ್ಚಿ, ಹಳದಿ ಬಲ್ಬಿನ ಕೋಣೆಯಲ್ಲಿ ಒಣಗಿಸಿ, ಪಾಸಿಟಿವ್ ಇಟ್ಟು ಬೆಳಕು ಬಿಡುವುದು. ಬೆಳಕು ತಾಗಿದ ಕಡೆ ಎಮಲ್ಷನ್ ಗಟ್ಟಿಯಾಗುತ್ತದೆ, ಕಪ್ಪು ಗೆರೆ ತಡೆದ ಕಡೆ ನೀರಿಗೆ ಕರಗಿ ಹೋಗುತ್ತದೆ. ಆ ತೆರೆದ ಕಣ್ಣುಗಳ ಮೂಲಕವೇ ಬಣ್ಣ ಇಳಿಯಬೇಕು.

ಹಾಳೆಗೂ ಜಾಲರಿಗೂ ನಡುವೆ ಎರಡು ಮೂರು ಮಿಲಿಮೀಟರ್ ಅಂತರವಿರುತ್ತದೆ. ಸ್ಕ್ವೀಜಿ, ಅಂದರೆ ಬಣ್ಣ ಒತ್ತುವ ರಬ್ಬರ್ ಪಟ್ಟಿ, ಎಳೆದ ಕಡೆ ಮಾತ್ರ ಜಾಲರಿ ಕಾಗದ ಮುಟ್ಟಿ ಕೂಡಲೇ ಮೇಲೇಳಬೇಕು. ಕೈ ಭಾರವಾದರೆ ಗೆರೆಯ ಅಂಚು ಹರಡುತ್ತದೆ, ಹಗುರವಾದರೆ ಬಣ್ಣ ಇಳಿಯುವುದೇ ಇಲ್ಲ. ಏಪ್ರಿಲ್ ಬಿಸಿಲಿಗೆ ನೀರಿನ ಬಣ್ಣ ಜಾಲರಿಯ ಕಣ್ಣಲ್ಲೇ ಒಣಗಿ ಕೂರುತ್ತದೆ. ಜುಲೈ ತಿಂಗಳ ತೇವಕ್ಕೆ ಕಾಗದ ಹಿಗ್ಗಿ, ಮೂರು ಬಣ್ಣದವರೆಗೆ ಸರಿಯಾಗಿ ಕೂತಿದ್ದ ಚಿತ್ರ ನಾಲ್ಕನೆಯದಕ್ಕೆ ಒಂದು ಮಿಲಿಮೀಟರ್ ಜಾರುತ್ತದೆ. 40 ಪ್ರತಿ ಬೇಕೆಂದರೆ 55 ಹಾಳೆಯಾದರೂ ಇಟ್ಟುಕೊಂಡು ಹೊರಡಬೇಕು. ಇಷ್ಟೆಲ್ಲ ಆಗಿ, ಹಳದಿಯ ಮೇಲೆ ಪಾರದರ್ಶಕ ನೀಲಿ ಬಿದ್ದ ಗಳಿಗೆಯಲ್ಲಿ ಟಾರ್ಪಾಲಿನ ಅಡಿಗೆ ಒಂದು ಹಸಿರು ಹುಟ್ಟಿತು. ಆ ಹಸಿರು ನನ್ನ ಯಾವ ಡಬ್ಬಿಯಲ್ಲೂ ಇರಲಿಲ್ಲ, ಸ್ಕೆಚ್ಚಿನಲ್ಲೂ ಇರಲಿಲ್ಲ. ಕೆಲಸ ಮುಗಿದ ಮೇಲೆ ಸ್ಕ್ರೀನನ್ನು ಎಮಲ್ಷನ್ ಕರಗಿಸುವ ಸ್ಟ್ರಿಪ್ಪರ್ ಹಾಕಿ ತೊಳೆದೆ. ಈಗ ಆ ಚಿತ್ರವಿರುವುದು ಆ 40 ಹಾಳೆಗಳಲ್ಲಿ ಮಾತ್ರ. ನಕಲು ಎನ್ನುವವರು ಯಾವುದರ ನಕಲು ಎಂದು ತೋರಿಸಬೇಕು. ತೋರಿಸಲು ಬೇರೊಂದು ಚಿತ್ರವೇ ಇಲ್ಲ.

ಇದು ನನ್ನೊಬ್ಬಳ ಮಾತಲ್ಲ. ಜಪಾನಿನ ಹೊಕುಸಾಯಿ 1831ರ ಸುಮಾರಿಗೆ ಮಾಡಿದ 'ಮಹಾ ಅಲೆ'ಯನ್ನು ಕ್ಯಾಲೆಂಡರಿನಲ್ಲೋ ಟೀ ಶರ್ಟಿನ ಮೇಲೋ ನೋಡದವರು ಕಡಿಮೆ. ಅದರ 'ಒರಿಜಿನಲ್ ಪೇಂಟಿಂಗ್' ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಹೊಕುಸಾಯಿ ತೆಳುಕಾಗದದ ಮೇಲೆ ಬರೆದ ರೇಖಾಚಿತ್ರವನ್ನು ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಕೆತ್ತುವವನು ಅದರ ಮೇಲೆಯೇ ಉಳಿ ಆಡಿಸಿದ. ಕೆತ್ತನೆ ಮುಗಿಯುವಷ್ಟರಲ್ಲಿ ಕಾಗದವೂ ಹೋಗಿತ್ತು. ಆಮೇಲೆ ಮುದ್ರಿಸಿದ ಸಾವಿರಾರು ಹಾಳೆಗಳು ಎಡೋ ನಗರದ ಸಾಮಾನ್ಯ ಜನ ಕೊಳ್ಳಬಹುದಾದ ಬೆಲೆಗೆ ಮಾರಾಟವಾದವು. ಅವುಗಳಲ್ಲೊಂದು 2023ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 27 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಕೆತ್ತಿದ ಕೈ, ಮುದ್ರಿಸಿದ ಕೈ ಹೊಕುಸಾಯಿಯದಲ್ಲ. ಆದರೂ ಆ ಚಿತ್ರ ಮರದಲ್ಲಿ, ಮುದ್ರಣಕ್ಕಾಗಿಯೇ ಯೋಚಿಸಿದ್ದು. ಮುದ್ರಣವಾಗುವವರೆಗೆ ಅದು ಚಿತ್ರವೇ ಆಗಿರಲಿಲ್ಲ. ಎಷ್ಟು ಪ್ರತಿ ಇವೆ ಎಂದು ಎಣಿಸುವ ಬದಲು, ಚಿತ್ರ ಎಲ್ಲಿ ಹುಟ್ಟಿತು ಎಂದು ಕೇಳುವುದು ಸರಿಯಾದ ಪರೀಕ್ಷೆ.

ಸ್ಕ್ರೀನಿನ ವಿಷಯಕ್ಕೇ ಬಂದರೆ, ಈ ನಂಬಿಕೆಯ ಟೊಳ್ಳುತನ ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ ಹೆಸರಿನ ಮುಂದೆ ಬಯಲಾಗುತ್ತದೆ. ಅವನ 1964ರ ಒಂದು ಮರ್ಲಿನ್ ಮನ್ರೊ ಚಿತ್ರ 2022ರ ಮೇ ತಿಂಗಳಲ್ಲಿ 19.5 ಕೋಟಿ ಡಾಲರಿಗೆ ಹರಾಜಾಯಿತು. ಆ ಮುಖವನ್ನು ಇಳಿಸಿದ್ದು ಸ್ಕ್ವೀಜಿ, ಇಳಿಸಿಕೊಂಡದ್ದು ಬಟ್ಟೆ. ಅದೇ ವಾರ್ಹಾಲ್ 1967ರಲ್ಲಿ ಅದೇ ಮುಖವನ್ನು ಹತ್ತು ಬಣ್ಣದ ಜೋಡಣೆಗಳಲ್ಲಿ, ತಲಾ 250 ಪ್ರತಿಯಂತೆ ಕಾಗದದ ಮೇಲೆ ಮಾಡಿಸಿದ. ಸ್ಕ್ರೀನ್, ಬಣ್ಣ, ಮುಖ ಎಲ್ಲ ಒಂದೇ ಬಗೆಯವು. ಬಟ್ಟೆಯ ಮೇಲಿನದನ್ನು ಪೇಂಟಿಂಗ್ ಎಂದು ವಸ್ತುಸಂಗ್ರಹಾಲಯಗಳ ಪ್ರಮುಖ ಗೋಡೆಗೆ ಹಾಕುತ್ತಾರೆ, ಕಾಗದದ್ದನ್ನು ಪ್ರಿಂಟ್ ಎಂದು ಬೇರೆ ಪಟ್ಟಿಗೆ ಸೇರಿಸುತ್ತಾರೆ. ಸ್ಕ್ರೀನ್ ಪ್ರಿಂಟು ಕಲೆಯೇ ಅಲ್ಲ ಎಂದು ನನಗೆ ಬುದ್ಧಿ ಹೇಳಿದ ಒಬ್ಬ ಹಿರಿಯರ ಮನೆಯಲ್ಲಿ ವಾರ್ಹಾಲ್ ಕುರಿತ ದಪ್ಪ ಪುಸ್ತಕವಿತ್ತು. ಅವರು ಮನಸಾರೆ ಗೌರವಿಸುತ್ತಿದ್ದದ್ದು ಸ್ಕ್ರೀನ್ ಪ್ರಿಂಟನ್ನೇ ಎಂದು ನಾನು ತೋರಿಸಿಕೊಟ್ಟಾಗ, ಅದು ಬೇರೆ ವಿಷಯ ಎಂದರು. ಹೇಗೆ ಬೇರೆ ಎಂದು ಇವತ್ತಿನವರೆಗೂ ಯಾರೂ ನನಗೆ ವಿವರಿಸಿಲ್ಲ.

ಬೇರೆ ಕಲೆಗಳಲ್ಲಿ ನಾವು ಈ ಹಟ ಹಿಡಿಯುವುದಿಲ್ಲ. ಕುವೆಂಪು ಅವರ ಕಾದಂಬರಿಯ ಹಸ್ತಪ್ರತಿ ಮಾತ್ರ ಕೃತಿ, ನಮ್ಮ ಕಪಾಟಿನಲ್ಲಿರುವುದು ನಕಲು ಎಂದು ಯಾರೂ ಅನ್ನುವುದಿಲ್ಲ. ಕಂಚಿನ ಎರಕದಲ್ಲಿ ಫ್ರಾನ್ಸಿನ ಕಾನೂನು ಒಂದೇ ಅಚ್ಚಿನ ಹನ್ನೆರಡು ಪ್ರತಿಗಳವರೆಗೆ ಎಲ್ಲವನ್ನೂ ಮೂಲಕೃತಿ ಎಂದೇ ಒಪ್ಪುತ್ತದೆ. ಕಾಗದದ ಮೇಲೆ ಬಣ್ಣ ಬಿದ್ದಾಗ ಮಾತ್ರ ಒಂದರ ಲೆಕ್ಕ ಹೊರಡುತ್ತದೆ.

ಇದಕ್ಕೆ ತಾತ್ವಿಕ ಬಣ್ಣ ಕೊಡುವವರೂ ಇದ್ದಾರೆ. ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಹೆಸರು ಹೇಳಿ, ಪ್ರತಿಗಳು ಹೆಚ್ಚಾದರೆ ಕಲಾಕೃತಿಯ ಪ್ರಭೆ ಹೋಗುತ್ತದೆ ಎಂದು ವಿಚಾರ ಸಂಕಿರಣಗಳಲ್ಲಿ ಹೇಳುತ್ತಾರೆ. ಈ ಬಗ್ಗೆ 1930ರ ದಶಕದಲ್ಲಿ ಆತ ಬರೆದ ಪ್ರಬಂಧವನ್ನು ಪೂರ್ತಿ ಓದಿದರೆ ಬೆಂಜಮಿನ್ ತಲೆಕೆಡಿಸಿಕೊಂಡಿದ್ದು ಮುಖ್ಯವಾಗಿ ಫೋಟೊ ಮತ್ತು ಸಿನಿಮಾದ ಬಗ್ಗೆ ಎಂಬುದು ತಿಳಿಯುತ್ತದೆ. ಪ್ರಭೆ ಕಳೆದುಹೋಗುವುದನ್ನು ಆತ ಬರೀ ನಷ್ಟವೆಂದೂ ನೋಡಲಿಲ್ಲ. ಪೂಜೆಯ ಹಿಡಿತದಿಂದ ಕಲೆ ಬಿಡಿಸಿಕೊಂಡು ಜನರ ನಡುವೆ ಬರುವ ದಾರಿಯನ್ನೂ ಅದರಲ್ಲಿ ಕಂಡ. ಆತನನ್ನು ಗ್ಯಾಲರಿಯ ಬೆಲೆಪಟ್ಟಿಯ ಕಾವಲಿಗೆ ನಿಲ್ಲಿಸುವುದು ಅನ್ಯಾಯ.

ಎದುರು ಪಕ್ಷದ ಒಂದು ಮಾತಿನಲ್ಲಿ ಮಾತ್ರ ಹುರುಳಿದೆ, ಅದನ್ನು ಒಪ್ಪಿಯೇ ಮುಂದೆ ಹೋಗಬೇಕು. ಪ್ರಿಂಟ್ ಎಂದು ಮಾರುವುದರಲ್ಲಿ ಬಹಳಷ್ಟು ನಿಜವಾಗಿಯೂ ನಕಲು. ದೊಡ್ಡ ಹೆಸರಿನ ಕಲಾವಿದರ ಕ್ಯಾನ್ವಾಸನ್ನು ಫೋಟೊ ತೆಗೆದು, ಇಂಕ್‌ಜೆಟ್ ಯಂತ್ರದಲ್ಲಿ ಒಳ್ಳೆಯ ಕಾಗದದ ಮೇಲೆ ತೆಗೆದು, ಕೆಳಗೆ ಪೆನ್ಸಿಲಿನಲ್ಲಿ ಸಹಿ ಮತ್ತು 100ರಲ್ಲಿ 17ನೆಯದು ಎಂಬ ಸಂಖ್ಯೆ ಹಾಕಿ ಮಾರುತ್ತಾರೆ. ಇನ್ನು ಕೆಲವರು ಮುಗಿದ ಪೇಂಟಿಂಗನ್ನು ವರ್ಕ್‌ಶಾಪಿಗೆ ಒಪ್ಪಿಸಿ, ಅಲ್ಲಿನ ಕೆಲಸಗಾರರು ಹತ್ತಾರು ಸ್ಕ್ರೀನುಗಳಲ್ಲಿ ಅದನ್ನು ಹಾಗೆಯೇ ಮೂಡಿಸಿದ ಮೇಲೆ ಸಹಿಗೆ ಮಾತ್ರ ಹೋಗುತ್ತಾರೆ. 1974ರಲ್ಲಿ ಫ್ರಾನ್ಸಿನ ಕಸ್ಟಮ್ಸ್ ಅಧಿಕಾರಿಗಳು ತಡೆದ ಒಂದು ಲಾರಿಯಲ್ಲಿ ಕಲಾವಿದ ಸಾಲ್ವಡೋರ್ ಡಾಲಿಯ ಸಹಿಯಿದ್ದ ಸಾವಿರಾರು ಖಾಲಿ ಹಾಳೆಗಳು ಸಿಕ್ಕಿದ್ದವು. ಜನರಿಗೆ ಪ್ರಿಂಟಿನ ಮೇಲೆ ನಂಬಿಕೆ ಹೋಗಿದ್ದರೆ ಆಶ್ಚರ್ಯವಿಲ್ಲ. ಆದರೆ ಇದೆಲ್ಲ ಒಂದೇ ಕೃತಿಯ ಹೆಸರನ್ನು ಬಳಸಿಕೊಂಡು ನಡೆಯುವ ವ್ಯಾಪಾರ. ಒಂಟಿ ಕ್ಯಾನ್ವಾಸನ್ನು ದೇವರ ಪೀಠಕ್ಕೆ ಏರಿಸಿದ್ದರಿಂದಲೇ ಅದರ ನೆರಳಿಗೂ ಬೆಲೆ ಬಂದಿದೆ. ಶಿಕ್ಷೆ ಮಾತ್ರ ಸ್ಕ್ರೀನಿನ ಮುಂದೆ ನಿಂತು ಕೈ ಕೊಳೆ ಮಾಡಿಕೊಳ್ಳುವವರಿಗೆ.

ನಮ್ಮ ದೇಶದ ಕಸ್ಟಮ್ಸ್ ಸುಂಕಪಟ್ಟಿಗೆ ಈ ವ್ಯತ್ಯಾಸ ಗೊತ್ತಿದೆ. ಕಲಾವಿದ ತಾನೇ ಕೈಯಿಂದ ಸಿದ್ಧಪಡಿಸಿದ ಫಲಕಗಳಿಂದ ನೇರವಾಗಿ ತೆಗೆದದ್ದು, ಯಾವ ವಸ್ತು ಯಾವ ವಿಧಾನ ಬಳಸಿದ್ದರೂ ಸರಿ, ಮೂಲ ಮುದ್ರಣ. ಯಾಂತ್ರಿಕವಾಗಿಯೋ ಛಾಯಾಚಿತ್ರದ ವಿಧಾನದಿಂದಲೋ ಮಾಡಿದ್ದು ಅಲ್ಲ ಎಂದು 97ನೇ ಅಧ್ಯಾಯದ ಟಿಪ್ಪಣಿ ಹೇಳುತ್ತದೆ. ಬಂದರಿನಲ್ಲಿ ಸುಂಕ ಕಟ್ಟಿಸಿಕೊಳ್ಳುವವರು ಮಾಡುವ ಈ ವಿಂಗಡಣೆಯನ್ನು ಕಲೆಯನ್ನೇ ಉಸಿರಾಡುವವರು ಮಾಡದಿರುವುದು ನನಗೆ ನೋವಿನ ವಿಷಯ.

ಇನ್ನೊಂದು ಆಕ್ಷೇಪ, ಪ್ರಿಂಟು ಪೇಂಟಿಂಗಿನ ಬೆಲೆ ಕೆಡಿಸುತ್ತದೆ ಎಂಬುದು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಹಾಕಿ ಲಕ್ಷ್ಮಿ ಸರಸ್ವತಿಯರನ್ನು ಮನೆಮನೆಗೆ ಕಳಿಸಿದರು. ಆ ಓಲಿಯೊಗ್ರಾಫುಗಳು ನಾನು ಮೇಲೆ ಹೇಳಿದ ಅರ್ಥದಲ್ಲಿ ನಕಲುಗಳೇ. ಹಾಗಿದ್ದೂ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಅವರ ತೈಲಚಿತ್ರಗಳ ಮಹತ್ವ ಕಿಂಚಿತ್ತೂ ಇಳಿಯಲಿಲ್ಲ. ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರನ್ನು 'ಕ್ಯಾಲೆಂಡರ್ ಕಲಾವಿದ' ಎಂದು ಬದಿಗೆ ಸರಿಸಿದ ಮನಸ್ಸೂ ಇದೇ. ಜನ ಪ್ರೀತಿಯಿಂದ ಗೋಡೆಗೆ ಹಾಕಿಕೊಂಡದ್ದೇ ಒಬ್ಬ ಸಮರ್ಥ ಚಿತ್ರಕಾರನ ಮೇಲಿನ ಆರೋಪವಾಯಿತು.

ಈಗ ಬದುಕಿನ ಮಾತು. ಸಂಬಳವಿಲ್ಲದ ಚಿತ್ರಕಾರರು ಬದುಕುವುದು ಹೇಗೆ? ಕ್ಯಾನ್ವಾಸನ್ನೇ ನಂಬಿದರೆ, ವರ್ಷಕ್ಕೆ ಕೆಲವು ಕೊಳ್ಳುವವರು, ಅವರ ಮತ್ತು ನಮ್ಮ ನಡುವೆ ಗ್ಯಾಲರಿ, ಮಾರಿದ ಬೆಲೆಯಲ್ಲಿ ಮೂರನೇ ಒಂದು ಭಾಗವೋ ಅರ್ಧವೋ ಅದರ ಪಾಲು. ಆ ಕೆಲವರನ್ನು ಕಳೆದುಕೊಳ್ಳಬಾರದೆಂಬ ಭಯ ಮೆಲ್ಲಗೆ ಕುಂಚದೊಳಕ್ಕೆ ಇಳಿಯುತ್ತದೆ. ಒಳಾಂಗಣ ವಿನ್ಯಾಸ ಮಾಡುವವರೊಬ್ಬರು ನನ್ನ ಚಿತ್ರ ನೋಡಿ, ಚೆನ್ನಾಗಿದೆ, ಕಂದು ಬಣ್ಣ ಇನ್ನೊಂದಿಷ್ಟು ಇರಲಿ, ಸೋಫಾಗೆ ಹೊಂದಬೇಕು ಎಂದಾಗ ನಾನು ಆಗುವುದಿಲ್ಲ ಎನ್ನಲು ಸಾಧ್ಯವಾದದ್ದು ಹಿಂದಿನ ಕೋಣೆಯಲ್ಲಿ ಪ್ರಿಂಟುಗಳಿದ್ದವು ಎಂಬ ಕಾರಣಕ್ಕೆ. ಸಾವಿರದ ಐನೂರು, ಎರಡು ಸಾವಿರ ರೂಪಾಯಿಗೆ ಒಂದು ಪ್ರಿಂಟು ಕೊಟ್ಟರೆ ಕೊಳ್ಳುವವರು ಹೈಸ್ಕೂಲು ಮೇಷ್ಟ್ರು, ಆಸ್ಪತ್ರೆಯ ನರ್ಸು, ಮೊದಲ ಸಂಬಳ ತೆಗೆದುಕೊಂಡ ಹುಡುಗಿ. ಕಂತಿನಲ್ಲಿ ಕೊಡುತ್ತೇನೆ ಎಂದು ಕೇಳಿದವರೂ ಇದ್ದಾರೆ. ನಲವತ್ತು ಮನೆಗಳ ಮೇಲೆ ನನ್ನ ಬದುಕು ಹಂಚಿಹೋಗಿರುವಾಗ ಯಾವ ಒಂದು ಮನೆಯೂ ನನಗೆ ಹೇಗೆ ಬರೆಯಬೇಕೆಂದು ಹೇಳಲಾರದು.

ಜರ್ಮನಿಯ ಚಿತ್ರಕಾರ ಡ್ಯೂರರನಿಗೆ ಇದು ಐನೂರು ವರ್ಷದ ಹಿಂದೆಯೇ ತಿಳಿದಿತ್ತು. ಫ್ರಾಂಕ್‌ಫರ್ಟಿನ ವರ್ತಕ ಹೆಲ್ಲರನಿಗಾಗಿ ದೊಡ್ಡದೊಂದು ಬಲಿಪೀಠದ ಚಿತ್ರವನ್ನು ಸೂಕ್ಷ್ಮವಾಗಿ ಬರೆದು ದಣಿದು, ಹಣಕ್ಕೆ ಚೌಕಾಸಿ ಮಾಡಿ ಬೇಸತ್ತ ಆತ, ಇನ್ನು ತಾಮ್ರದ ಕೆತ್ತನೆಯನ್ನೇ ಹಿಡಿಯುತ್ತೇನೆ, ಮೊದಲೇ ಹಾಗೆ ಮಾಡಿದ್ದರೆ ಇವತ್ತಿಗೆ ಸಾವಿರ ಗಿಲ್ಡರ್ ಹೆಚ್ಚಿಗೆ ಇರುತ್ತಿತ್ತು ಎಂದು 1509ರಲ್ಲಿ ಅದೇ ವರ್ತಕನಿಗೆ ಬರೆದ. ಅವನ ಹೆಂಡತಿ ಆಗ್ನೆಸ್ ಪ್ರಿಂಟುಗಳನ್ನು ಜಾತ್ರೆ ಸಂತೆಗೆ ಒಯ್ದು ಮಾರುತ್ತಿದ್ದಳು. ಹೆಲ್ಲರನ ಪೀಠದ ನಡುವಿನ ಚಿತ್ರ 1729ರಲ್ಲಿ ಮ್ಯೂನಿಕ್ ಅರಮನೆಯ ಬೆಂಕಿಗೆ ಸಿಕ್ಕಿ ಬೂದಿಯಾಯಿತು. ಅವನ ಕೆತ್ತನೆಗಳು ಊರೂರಿನಲ್ಲಿ ಉಳಿದಿವೆ.

ಮುದ್ರಣದಲ್ಲಿ ಸ್ವತಂತ್ರರಿಗೆ ಹೇಳಿ ಮಾಡಿಸಿದ್ದು ಸ್ಕ್ರೀನ್. ಎಚ್ಚಿಂಗ್ ಪ್ರೆಸ್ಸಿಗೆ ಲಕ್ಷಗಳು ಬೇಕು, ಅದರ ಭಾರ ಬಾಡಿಗೆ ಮನೆಯ ಮಹಡಿ ತಾಳುವುದಿಲ್ಲ. ಲಿಥೊಗ್ರಾಫಿಯ ಕಲ್ಲು ಸಿಗುವುದೇ ಕಷ್ಟ. ಕಾಲೇಜು ಬಿಟ್ಟ ಮರುದಿನ ಎಷ್ಟೋ ಒಳ್ಳೆಯ ಮುದ್ರಕರು ಕೈ ಖಾಲಿಯಾಗಿ ನಿಲ್ಲುವುದು ಇದಕ್ಕೇ. ಸ್ಕ್ರೀನಿಗೆ ಒಂದು ಮೇಜು, ಎರಡು ಕೀಲು, ಒಂದು ಚೌಕಟ್ಟು, ಒಂದು ಬಲ್ಬು, ತೊಳೆಯಲು ನೀರು ಸಾಕು. 1968ರ ಮೇ ತಿಂಗಳಲ್ಲಿ ಪ್ಯಾರಿಸಿನ ಕಲಾಶಾಲೆ ಹಿಡಿದು ಕೂತ ವಿದ್ಯಾರ್ಥಿಗಳು ಲಿಥೊಗ್ರಾಫಿಯಲ್ಲಿ ಶುರುಮಾಡಿ ವೇಗ ಸಾಲದೆ ಸ್ಕ್ರೀನಿಗೆ ಬಂದು, ರಾತ್ರೋರಾತ್ರಿ ಊರ ಗೋಡೆ ತುಂಬಿಸಿದರು.

ಆ ಮೇಜಿನ ಮೇಲೆ ನಾನು ಲಗ್ನಪತ್ರಿಕೆ ಮಾಡುತ್ತೇನೆ, ಬಟ್ಟೆಚೀಲ ಮಾಡುತ್ತೇನೆ, ನಾಟಕ ತಂಡಗಳಿಗೆ ಪೋಸ್ಟರ್ ಮಾಡುತ್ತೇನೆ. ಗಂಭೀರ ಕಲಾವಿದೆಯಾದವಳು ಆರ್ಡರ್ ಕೆಲಸ ಮಾಡಬಾರದು ಎಂದು ಹೇಳುವವರ ಮನೆಗೆ ಸಂಬಳವೋ ಪಿಂಚಣಿಯೋ ಬಾಡಿಗೆಯೋ ಬರುತ್ತಿರುತ್ತದೆ. ನನಗೆ ಸ್ಕ್ವೀಜಿ ಹಿಡಿಯಲು ಕಲಿಸಿದವರು ಬಳೇಪೇಟೆಯ ಸಂದಿಯೊಂದರಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ಹಿರಿಯರು. ನಾನು ಎಳೆಯುವ ಸದ್ದು ಕೇಳಿಯೇ, ತಲೆ ಎತ್ತದೆ, "ಬಣ್ಣ ಗಟ್ಟಿ ಆಯ್ತು ಕಣಮ್ಮ, ಒಂಚೂರು ತೆಳು ಮಾಡ್ಕೊ" ಎನ್ನುತ್ತಿದ್ದರು. ಗಣಪತಿಯ ಚಿನ್ನದ ಗೆರೆ ಕೂದಲೆಳೆಯಷ್ಟು ತಪ್ಪಿದರೂ ಆ ಕಾರ್ಡು ಪಕ್ಕಕ್ಕೆ. ಮದುವೆ ಮನೆಯವರಿಗೆ ಅದು ಗೊತ್ತಾಗುವುದಿಲ್ಲವಲ್ಲ ಅಣ್ಣ ಎಂದರೆ, ನಮಗೆ ಗೊತ್ತಲ್ಲ ಎನ್ನುವರು. ಕಲಾಶಾಲೆಯಲ್ಲಿ ಕಲಿತದ್ದಕ್ಕಿಂತ ಈ ಶಿಸ್ತು ನನ್ನ ಚಿತ್ರಗಳಿಗೆ ಹೆಚ್ಚು ಬಂದಿದೆ. ಸೀಮೆಎಣ್ಣೆ, ಥಿನ್ನರ್ ವಾಸನೆಯಲ್ಲಿ ಮೂವತ್ತು ನಲವತ್ತು ವರ್ಷ ದುಡಿದು ಶ್ವಾಸಕೋಶ ಕಳೆದುಕೊಂಡ ಇಂಥ ಕುಶಲಕರ್ಮಿಗಳ ಹೆಸರು ಯಾವ ಕಲಾ ಇತಿಹಾಸದಲ್ಲೂ ಇಲ್ಲ. 'ಅಚ್ಚು ಹಾಕುವುದು ಕಲೆಯಲ್ಲ' ಎಂಬ ಮಾತು ನನಗಿಂತ ಹೆಚ್ಚಾಗಿ ಅವರಿಗೆ ಮಾಡಿದ ಅವಮಾನ.

ನಮ್ಮೊಳಗಿನ ಒಂದು ಚರ್ಚೆಯನ್ನೂ ಹೇಳಿಬಿಡಬೇಕು. ಲೋಹದ ಫಲಕವನ್ನು ಸೂಜಿಯಿಂದ ಗೀಚಿ ಮಾಡುವ ಡ್ರೈಪಾಯಿಂಟಿನ ಗೆರೆ ಹತ್ತಾರು ಪ್ರತಿಗಳಿಗೇ ಸವೆಯುತ್ತದೆ, ಅಲ್ಲಿ ಪ್ರತಿಗಳ ಮಿತಿಗೆ ಕಾರಣವಿದೆ. ಸ್ಕ್ರೀನ್ ಸಾವಿರಾರು ಪ್ರತಿಗೂ ಜಗ್ಗುವುದಿಲ್ಲ. ಹಾಗಿದ್ದ ಮೇಲೆ 40ಕ್ಕೇ ನಿಲ್ಲಿಸುವುದೂ ಅದೇ ಒಂಟಿತನದ ಪೂಜೆಗೆ ಕೊಟ್ಟ ಕಾಣಿಕೆಯಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಲಾಸ್ ಏಂಜಲಿಸ್‌ನಲ್ಲಿ ಪಾಠ ಹೇಳುತ್ತಿದ್ದ ಸನ್ಯಾಸಿನಿ ಕೊರೀಟಾ ಕೆಂಟ್ ತನ್ನ ಸ್ಕ್ರೀನ್ ಪ್ರಿಂಟುಗಳನ್ನು ಸುಲಭ ಬೆಲೆಗೆ ಜನರಿಗೆ ತಲುಪಿಸುವುದನ್ನೇ ಗುರಿಯಾಗಿಟ್ಟುಕೊಂಡವಳು. ಅವಳ ದಾರಿ ನನಗೆ ಆದರ್ಶ. ಆದರೂ ನಾನು ನಿಲ್ಲಿಸುವುದು ಕೈ ಮತ್ತು ಗಮನ ಸೋಲುವ ಕಡೆ; 40ನೆಯದು ಮೊದಲನೆಯದರಷ್ಟೇ ಚೆನ್ನಾಗಿರಬೇಕು. ಪ್ರತಿಗಳು ಮುಗಿಯುತ್ತ ಬಂದವೆಂದು ಬೆಲೆ ಏರಿಸುವ ಪದ್ಧತಿಯನ್ನು ನಾನು ಪಾಲಿಸುವುದಿಲ್ಲ.

ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. 1957ರ ಕೃತಿಸ್ವಾಮ್ಯ ಕಾಯ್ದೆ ಎಚ್ಚಿಂಗ್, ಲಿಥೊಗ್ರಾಫ್, ಮರಗೆತ್ತನೆ, ಪ್ರಿಂಟುಗಳನ್ನೆಲ್ಲ ಕಲಾಕೃತಿಗಳ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿದೆ. ಅದೇ ಕಾಯ್ದೆಯ 53ಎ ಕಲಮಿನಲ್ಲಿ, ಹತ್ತು ಸಾವಿರ ರೂಪಾಯಿಗೆ ಮೇಲ್ಪಟ್ಟ ಮರುಮಾರಾಟದಲ್ಲಿ ಕಲಾವಿದರಿಗೆ ಪಾಲು ಕೊಡುವ ಮಾತು ಬಂದಾಗ ಕಲಾಕೃತಿಗಳ ಪೈಕಿ ಪೇಂಟಿಂಗ್, ಶಿಲ್ಪ, ರೇಖಾಚಿತ್ರ ಇವು ಮಾತ್ರ ಹೆಸರಿಗೆ ಬರುತ್ತವೆ, ಪ್ರಿಂಟು ಇಲ್ಲ. ಆ ಸಾಲಿಗೆ ಪ್ರಿಂಟನ್ನೂ ಸೇರಿಸಬೇಕು. ಅಕಾಡೆಮಿಗಳು ಪ್ರದರ್ಶನದಲ್ಲಿ ಕೈಯಿಂದ ಮಾಡಿದ ಪ್ರಿಂಟನ್ನು ಇಂಕ್‌ಜೆಟ್ ಪ್ರತಿಯಿಂದ ಬೇರ್ಪಡಿಸಿ, ಹಾಗೆಂದು ಪಕ್ಕದಲ್ಲೇ ಬರೆದು ಹಾಕಬೇಕು. ಕೊಳ್ಳುವವರು ಇಷ್ಟನ್ನು ಕೇಳಬೇಕು: ಪಾಸಿಟಿವ್ ಬರೆದವರು ಯಾರು, ಸ್ಕ್ವೀಜಿ ಎಳೆದವರು ಯಾರು, ಎಷ್ಟು ಬಣ್ಣ, ಎಷ್ಟು ಪ್ರತಿ, ಅದರ ಹೊರಗೆ ಎಷ್ಟು ಪ್ರೂಫ್, ಇದಕ್ಕೆ ಹಿಂದೆ ಒಂದು ಪೇಂಟಿಂಗ್ ಇತ್ತೇ ಇಲ್ಲವೇ, ಸ್ಕ್ರೀನ್ ಈಗ ಇದೆಯೇ ತೊಳೆದದ್ದಾಗಿದೆಯೇ. ಇವಕ್ಕೆಲ್ಲ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡದವರಿಂದ ಪ್ರಿಂಟು ಕೊಳ್ಳಬೇಡಿ. ನನ್ನ ಮಳಿಗೆಗೆ ಬಂದಾಗಲೂ ಆ ಹಾ​ಳೆಯನ್ನು ಕೇಳಿಯೇ ಪಡೆಯಿರಿ.